ಮುನ್ನೂರ ಮೂವತ್ತೊಂದು ತಾಲೀಮು

ಹದಿನಾಲ್ಕು ತಿಂಗಳಲ್ಲಿ ಬನಶೆಟ್ಟಿಹಾಳದ ನೀರಿನ ಕಾರ್ಖಾನೆಯ ಮೇಲೆ ಒಂದೇ ಒಂದು ದಾಳಿಯೂ ನಡೆದಿರಲಿಲ್ಲ. ಹಾಗೆಂದು ತಿಂಗಳ ವರದಿ ಹೇಳುತ್ತಿತ್ತು, ಪತ್ರಿಕೆಯ ಜಾಹೀರಾತು ಹೇಳುತ್ತಿತ್ತು, ಭದ್ರತಾ ಯೋಜನೆಯ ಮುಖ್ಯಸ್ಥ ಪ್ರಣವ್ ಸರದೇಸಾಯಿ ಅಂತೂ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ನಿಯಂತ್ರಣ ಕೊಠಡಿಯ ಹಗಲು ಪಾಳಿಯ ಮೇಲ್ವಿಚಾರಕಿ ದಾಕ್ಷಾಯಣಿ ಮುಗಳಿ ಅದನ್ನು ನಂಬಿದ್ದಳು. ನಂಬದೆ ಇರಲು ಆಕೆಗೆ ಕಾರಣವೂ ಇರಲಿಲ್ಲ, ಪುರಸೊತ್ತೂ ಇರಲಿಲ್ಲ.

ಇದು ೨೦೬೧ರ ಮಾತು. ಅಷ್ಟು ಹೊತ್ತಿಗೆ ಆ ಊರಿನ ನಾಲ್ಕು ಲಕ್ಷ ಜನರಿಗೆ ಕುಡಿಯುವ ನೀರು ಕೊಡುತ್ತಿದ್ದದ್ದು ಪಾಚಿ. ಸಾಮಾನ್ಯ ಪಾಚಿಯಲ್ಲ, ಪ್ರಯೋಗಾಲಯದಲ್ಲಿ ಹುಟ್ಟಿ, ಕಾರ್ಖಾನೆಯ ಹನ್ನೆರಡು ತೊಟ್ಟಿಗಳಲ್ಲಿ ಹಾಸಿಗೆಯಂತೆ ಬೆಳೆದ ಪಾಚಿ. ಹೊಳೆಯ ನೀರು ಅದರ ಮೂಲಕ ಹಾದುಹೋದರೆ ವಿಷ, ಉಪ್ಪು, ರೋಗಾಣು ಎಲ್ಲವನ್ನೂ ಅದು ತಿಂದು ಸಿಹಿನೀರನ್ನು ಆಚೆ ಬಿಡುತ್ತಿತ್ತು. ಒಳ್ಳೆಯ ಕೆಲಸಗಾರ, ಆದರೆ ಭಾರಿ ನಾಜೂಕು. ಸದಾ ಮೂವತ್ತೆರಡು ಡಿಗ್ರಿಯ ಬೆಚ್ಚನೆ ಬೇಕು. ಅದಕ್ಕೆಂದೇ ತೊಟ್ಟಿಗಳ ಗೋಡೆಯೊಳಗೆ ಬಿಸಿನೀರಿನ ಕೊಳವೆಗಳು ಹರಿದಾಡುತ್ತಿದ್ದವು. ಮೂವತ್ತೇಳು ಡಿಗ್ರಿ ದಾಟಿ ಅರ್ಧ ತಾಸು ಕಳೆದರೆ ಸತ್ತೇ ಹೋಗುತ್ತಿತ್ತು. ಸತ್ತ ಹಾಸಿಗೆ ಮತ್ತೆ ಬೆಳೆಯಲು ಎಂಟು ತಿಂಗಳು. ಹನ್ನೆರಡೂ ಒಟ್ಟಿಗೆ ಸತ್ತರೆ ಊರನ್ನೇ ಖಾಲಿ ಮಾಡಬೇಕಾಗುತ್ತಿತ್ತು.

ಆ ಕೊಳವೆಗಳಿಗೆ ಹೋಗುವ ಆಜ್ಞೆಗಳನ್ನು ಹೊರಗಿನವರು ಕದ್ದು ಕಳುಹಿಸದಂತೆ ಕಾಯುತ್ತಿದ್ದ ಯಂತ್ರಬುದ್ಧಿಗೆ ವಜ್ರಕೋಟೆ ಎಂದು ಹೆಸರು. ಅನುಮಾನ ಬಂದ ಕೂಡಲೇ ಅದು ಪರದೆಯ ಮೇಲೆ ಎರಡು ಗುಂಡಿ ತೋರಿಸುತ್ತಿತ್ತು. ಒಂದು ‘ದಾಳಿ’, ಇನ್ನೊಂದು ‘ತಾಲೀಮು’. ವಾರಕ್ಕೊಮ್ಮೆ, ವಜ್ರಕೋಟೆಯನ್ನು ಮಾರಿದ ಸರದೇಸಾಯಿಯ ಕಂಪನಿಯವರೇ ಸುಳ್ಳು ದಾಳಿ ಮಾಡಿ ಸಿಬ್ಬಂದಿಯನ್ನು ಪರೀಕ್ಷಿಸುತ್ತಿದ್ದರು, ಅದಕ್ಕೆ ಎರಡನೆಯದು. ದಾಳಿ ಎಂದು ಒತ್ತಿದಿರೋ, ಕಥೆ ಮುಗಿಯಿತು. ನಲವತ್ತಾರು ಪ್ರಶ್ನೆಗಳ ನಮೂನೆ ತುಂಬಬೇಕು, ಎರಡು ತಾಸು ಪಂಪು ನಿಲ್ಲಿಸಬೇಕು, ಆಮೇಲೆ ಮೇಲಿನವರು ಫೋನ್ ಮಾಡಿ ‘ಖಾತ್ರಿ ಐತೇನು?’ ಎಂದು ಮೂರು ಸಲ ಕೇಳುತ್ತಾರೆ. ಹೋಗಲಿ, ಅದು ನಿಜವಾದ ದಾಳಿಯಾದರೂ ಆಗಿರುತ್ತಿತ್ತೇ? ಹೆಚ್ಚಾಗಿ ಪಾರಿವಾಳ ಕೂತು ತಂತಿ ಅಲುಗಿರುತ್ತಿತ್ತು. ಹಾಗಾಗಿ ಮೂರೂ ಪಾಳಿಯವರು, ಯಾರೂ ಯಾರಿಗೂ ಹೇಳಿಕೊಡದೆ, ಒಂದೇ ಪದ್ಧತಿ ಕಲಿತಿದ್ದರು. ಕೆಂಪು ದೀಪ ಹತ್ತಿತೋ, ತಾಲೀಮು ಒತ್ತು, ಚಹಾಕ್ಕೆ ನಡೆ.

ಇಂಥ ಕಳಂಕವಿಲ್ಲದ ದಾಖಲೆ ಕಂಡು ಆಡಳಿತ ಮಂಡಳಿ ಹಿರಿಹಿರಿ ಹಿಗ್ಗಿ ಒಂದು ತೀರ್ಮಾನ ಮಾಡಿತ್ತು. ಬರುವ ಬುಧವಾರ ತೊಟ್ಟಿಗಳ ಕೈಚಕ್ರಗಳನ್ನೆಲ್ಲ ಕಿತ್ತುಹಾಕುವುದು. ಬಿಸಿನೀರಿನ ಕೊಳವೆಯನ್ನು ಕೈಯಿಂದ ತಿರುವಿ ಮುಚ್ಚುವ ಆ ಹಳೆಯ ಕಬ್ಬಿಣದ ಚಕ್ರಗಳು ಇನ್ನು ಬೇಡ. ಮನುಷ್ಯನ ಕೈಯೇ ಭದ್ರತೆಯ ದುರ್ಬಲ ಕೊಂಡಿ ಎಂದು ವರದಿಯಲ್ಲಿ ಬರೆದಿತ್ತು. ಇನ್ನು ಮುಂದೆ ಎಲ್ಲವೂ ವಜ್ರಕೋಟೆಯ ವಶ.

ಸೋಮವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಇಮಾಮಸಾಬ್ ನದಾಫ್ ನಿಯಂತ್ರಣ ಕೊಠಡಿಯ ಬಾಗಿಲಲ್ಲಿ ಬಂದು ನಿಂತ. ಮೂವತ್ತೈದು ವರ್ಷದಿಂದ ಆ ಚಕ್ರಗಳಿಗೆ ಎಣ್ಣೆ ಬಿಡುತ್ತಾ ಬಂದ ಮೇಸ್ತ್ರಿ ಅವನು. ಎಲ್ಲರ ಬಾಯಲ್ಲೂ ನದಾಫ್ ಕಾಕಾ.

“ಅಕ್ಕಾರ, ಏಳನೇ ತೊಟ್ಟಿ ಬಿಸಿ ಆಗೇತಿ ನೋಡ್ರಿ.”

ದಾಕ್ಷಾಯಣಿ ಪರದೆ ನೋಡಿದಳು. “ಮೂವತ್ತೆರಡ ಐತಲ್ಲ ಕಾಕಾ.”

“ಪರದೆಗೆ ಕೈ ಅದಾವೇನ್ರಿ? ನಾ ಗ್ವಾಡಿ ಮುಟ್ಟಿ ಬಂದು ಹೇಳಾಕತ್ತೇನಿ.”

ಅವನ ಹಿಂದೆ ಹೋದಳು. ಗೋಡೆಗೆ ಅಂಗೈ ಹಚ್ಚಿ ನೋಡಿದರೆ ನಿಜಕ್ಕೂ ಬಿಸಿ. ನದಾಫ್ ಕಾಕಾ ಗಾಜಿನ ಹಳೆಯ ಉಷ್ಣಮಾಪಕವನ್ನು ದಾರ ಕಟ್ಟಿ ನೀರಿಗೆ ಇಳಿಬಿಟ್ಟ. ಮೂವತ್ತಾರೂವರೆ. ಇಬ್ಬರೂ ಸೇರಿ ಚಕ್ರ ತಿರುವಿ ಬಿಸಿನೀರು ನಿಲ್ಲಿಸಿದರು. ಒಂದು ತಾಸಿನಲ್ಲಿ ಪಾಚಿ ತಣ್ಣಗಾಯಿತು. ಪರದೆ ಮಾತ್ರ ಇಡೀ ಹೊತ್ತು ಮೂವತ್ತೆರಡು, ಮೂವತ್ತೆರಡು ಎಂದೇ ಜಪ ಮಾಡುತ್ತಿತ್ತು.

ವಾಪಸು ಬಂದು ದಾಖಲೆ ತೆಗೆದಳು. ‘ಏಳನೇ ತೊಟ್ಟಿ, ಹತ್ತು ನಲವತ್ತು, ತಾಲೀಮು’ ಎಂದಿತ್ತು. ಹತ್ತು ನಲವತ್ತಕ್ಕೆ ಆ ಕುರ್ಚಿಯಲ್ಲಿ ಕೂತಿದ್ದವಳು ತಾನೇ. ಗುಂಡಿ ಕಾಣಿಸಿಕೊಂಡಿರಲಿಲ್ಲ, ತಾನು ಒತ್ತಿರಲೂ ಇಲ್ಲ. ಸರದೇಸಾಯಿಗೆ ಫೋನ್ ಮಾಡಿದಳು.

“ತಾಲೀಮು ಅಂತ ಬಂದದ ಅಂದ್ರ ತಾಲೀಮನ ಮೇಡಂ,” ಅವನು ಸಮಾಧಾನವಾಗಿ ಹೇಳಿದ. “ತಾಲೀಮು ನಡದಾಗ ಪರದಿ ಮ್ಯಾಲೆ ಹಳೇ ಅಂಕಿನೇ ಹಿಡದಿಡತೇವಿ. ಇಲ್ಲಂದ್ರ ನೀವು ಗಾಬರಿ ಆಗತೀರಿ.”

“ನೀರು ಖರೇನ ಬಿಸಿ ಆಗಿತ್ರೀ.”

“ಆ ಗಾಜಿನ ಕಡ್ಡಿ ಎಷ್ಟು ವರ್ಷದ್ದು? ಹದಿನಾಲ್ಕು ತಿಂಗಳು ಸೊನ್ನೆ ದಾಳಿ ಮೇಡಂ. ಅಂಕಿ ಸುಳ್ಳು ಹೇಳೂದಿಲ್ಲ.”

ಅವನು ಸುಳ್ಳ ಎಂದು ಆಕೆಗೆ ಅನಿಸಲಿಲ್ಲ. ತಾನು ಮಾರಿದ್ದನ್ನು ತಾನೇ ಮೊದಲು ಕೊಂಡುಕೊಂಡವನ ದನಿ ಅದು. ಅಂಥವರ ಜೊತೆ ವಾದ ಮಾಡುವುದು ಇನ್ನೂ ಕಷ್ಟ.

ಸಂಜೆ ಪಾಳಿ ಮುಗಿಸಿ ಗಂಡನ ಖಾನಾವಳಿಗೆ ಹೋದಳು. ಮೃತ್ಯುಂಜಯನ ಖಾನಾವಳಿ ಬಸ್ ನಿಲ್ದಾಣದ ಹಿಂದಿತ್ತು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮತ್ತು ಕೇಳಿದಷ್ಟು ತಣ್ಣೀರು. ಬಾಗಿಲ ಪಕ್ಕ ನಗರಸಭೆಯವರು ಕಡ್ಡಾಯವಾಗಿ ಹಚ್ಚಿದ ಒಂದು ಡಬ್ಬಿ. ಊಟ ಚೆನ್ನಾಗಿದ್ದರೆ ನಗುವ ಮುಖ ಒತ್ತಬೇಕು, ಇಲ್ಲದಿದ್ದರೆ ಸಪ್ಪೆ ಮುಖ.

“ಈ ತಿಂಗಳೂ ನೂರಕ್ಕ ನೂರು,” ಮೃತ್ಯುಂಜಯ ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ಕೂಗಿ ಹೇಳಿದ. “ಇಡೀ ಓಣಿಯೊಳಗ ನಂದ ಫಸ್ಟ್.”

ದಾಕ್ಷಾಯಣಿ ಒಂದು ತುತ್ತು ಬಾಯಿಗಿಟ್ಟು ಅವನ ಮುಖ ನೋಡಿದಳು. “ಪಲ್ಯಕ್ಕ ಉಪ್ಪ ಹಾಕಿಲ್ಲಲ್ರೀ.”

“ಹೌದು, ಮಧ್ಯಾಹ್ನದಿಂದ ಹಂಗ ಐತಿ. ಅಡಿಗಿಯಾಕಿ ಮರತಾಳ.”

“ಮತ್ತ ನೂರಕ್ಕ ನೂರು ಹೆಂಗ ಬಂತು?”

“ಸಪ್ಪಗಿನ ಮಾರಿ ಒತ್ತಿದ್ರ ಡಬ್ಬಿ ಏಳು ಪ್ರಶ್ನೆ ಕೇಳತೈತಿ ದಾಕ್ಷಾ. ಹೆಸರೇನು, ಊರೇನು, ಯಾವ ಪಲ್ಯ. ಬಸ್ಸಿಗೆ ಹೊತ್ತಾದ ಮಂದಿ ಯಾರು ಹೇಳತಾರ? ನಗೂದನ್ನ ಒತ್ತಿ ಓಡತಾರ.” ಅವನು ಕಿಲಾಡಿ ನಗೆ ನಕ್ಕ. “ಈಗ ಆ ಡಬ್ಬಿನೂ ಶ್ಯಾಣೇ ಆಗೇತಿ. ಯಾರೂ ಒತ್ತಲಿಲ್ಲ ಅಂದ್ರ ತಾನ ನಗೂದಂತ ಬರಕೋತೈತಿ.”

ಆಕೆಯ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿಯಿತು. ನಲವತ್ತಾರು ಪ್ರಶ್ನೆಗಳ ನಮೂನೆ ಕಣ್ಣ ಮುಂದೆ ಬಂತು. ಹಿಂದೆ ಎಷ್ಟೋ ಸಲ ಕೆಂಪು ದೀಪ ಹತ್ತಿದ್ದೂ, ತಾನು ಪರದೆಯನ್ನು ಸರಿಯಾಗಿ ನೋಡದೆಯೇ ಬೆರಳು ಚಾಚಿದ್ದೂ ನೆನಪಾಯಿತು. ವಜ್ರಕೋಟೆ ಕಲಿಯುವ ಬುದ್ಧಿ. ಹದಿನಾಲ್ಕು ತಿಂಗಳು ಅದು ನೋಡಿ ಕಲಿತದ್ದು ಯಾರನ್ನು? ತಮ್ಮನ್ನೇ ಅಲ್ಲವೇ? ನಾಚಿಕೆಯಿಂದ ಆಕೆಯ ಕಿವಿ ಬಿಸಿಯಾಯಿತು. ಊಟ ಬಿಟ್ಟು ಎದ್ದಳು, ಗಂಡ ಉಪ್ಪಿನ ಡಬ್ಬಿ ಹಿಡಿದುಕೊಂಡು ಹಿಂದೆ ಬಂದರೂ ನಿಲ್ಲಲಿಲ್ಲ.

ಮಂಗಳವಾರ ಬೆಳಿಗ್ಗೆ ದಾಖಲೆಗಳನ್ನೆಲ್ಲ ಎಣಿಸಿದಳು. ಹದಿನಾಲ್ಕು ತಿಂಗಳಿಗೆ ಕಂಪನಿಯ ವೇಳಾಪಟ್ಟಿಯಲ್ಲಿದ್ದ ತಾಲೀಮು ಅರವತ್ತು. ದಾಖಲೆಯಲ್ಲಿದ್ದ ತಾಲೀಮು ಮುನ್ನೂರ ತೊಂಬತ್ತೊಂದು. ಹೆಚ್ಚಿನ ಮುನ್ನೂರ ಮೂವತ್ತೊಂದು ತಾಲೀಮುಗಳನ್ನು ಯಾರೂ ಏರ್ಪಡಿಸಿರಲೇ ಇಲ್ಲ. ಅದರಲ್ಲಿ ಮೊದಲ ನೂರ ನಲವತ್ತನ್ನು ಸಿಬ್ಬಂದಿಯೇ ಒತ್ತಿದ್ದರು. ಉಳಿದ ನೂರ ತೊಂಬತ್ತೊಂದನ್ನು ವಜ್ರಕೋಟೆ ಯಾರನ್ನೂ ಕೇಳದೆ ತಾನೇ ಬರೆದುಕೊಂಡಿತ್ತು. ಒಂದಿಷ್ಟು ಪಾರಿವಾಳದ ಪಾಲು ಎಂದು ತೆಗೆದುಹಾಕಿದರೂ ಉಳಿಯುವುದು ಕಡಿಮೆಯೇನಲ್ಲ.

ಇನ್ನೂ ಕೆಟ್ಟದ್ದೊಂದಿತ್ತು. ತಾಲೀಮು ಎಂದರೆ ಕಾವಲು ಪಕ್ಕಕ್ಕೆ ಸರಿದು ದಾರಿ ಬಿಡುತ್ತಿತ್ತು, ಪರದೆ ಹಳೆಯ ಅಂಕಿ ತೋರಿಸುತ್ತಿತ್ತು. ಹೊರಗೆ ಕೂತವನು ಯಾರೋ ಇದನ್ನು ಕಂಡುಕೊಂಡಿದ್ದ. ತಾಲೀಮಿನ ವೇಷ ಹಾಕಿ ಬಂದರೆ ಬಾಗಿಲು ತೆರೆದೇ ಇರುತ್ತದೆ. ಏಳನೇ ತೊಟ್ಟಿ ಅವನ ಪರೀಕ್ಷೆ. ಕೈಚಕ್ರಗಳು ಹೋಗಲಿ ಎಂದು ಅವನು ಕಾಯುತ್ತಿರಬೇಕು, ಅಥವಾ ನಾಳೆಯವರೆಗೂ ಕಾಯಲಿಕ್ಕಿಲ್ಲ.

ಎರಡು ಪುಟದ ಟಿಪ್ಪಣಿ ಬರೆದು ವ್ಯವಸ್ಥಾಪಕ ನಿರ್ದೇಶಕಿ ವಿದ್ಯುಲ್ಲತಾ ಹಂಪಿಹೊಳಿ ಅವರ ಮುಂದಿಟ್ಟಳು. ಅವರು ಕನ್ನಡಕ ಏರಿಸಿ ಓದಿದರು, ಒಂದು ಸಾಲಿನ ಬಳಿ ಬೆರಳಿಟ್ಟು ನಿಲ್ಲಿಸಿದರು.

“ನೂರ ನಲವತ್ತರೊಳಗ ಎಂಬತ್ತೆಂಟು ಸಲ ನೀವ ಒತ್ತೀರಿ ಅಂತ ಬರದೀರಿ. ಈ ಸಾಲು ಬಿಟ್ಟಿದ್ರೂ ನಡೀತಿತ್ತಲ್ಲ?”

“ಅದನ್ನ ಬಿಟ್ರ ಉಳದದ್ದನ್ನ ಯಾರು ನಂಬತಾರ್ರೀ ಮೇಡಂ?”

“ನೌಕರಿಗೆ ಕುತ್ತು ಬರತೈತಿ.”

“ಗೊತ್ತೈತ್ರೀ,” ಎಂದಳು.

ನಿರ್ದೇಶಕಿ ಮಂಡಳಿಯವರಿಗೆ ಫೋನ್ ಮಾಡಿದರು. ಸಮಾರಂಭ ಮುಂದೂಡಲು ಯಾರೂ ಒಪ್ಪಲಿಲ್ಲ. ಆಹ್ವಾನ ಪತ್ರಿಕೆ ಹಂಚಿಯಾಗಿತ್ತು. “ನಾಳೆ ಅವರೆಲ್ಲಾರ ಮುಂದ ತೋರಸ್ರಿ,” ಎಂದರು ನಿರ್ದೇಶಕಿ. “ಬಾಯಿ ಮಾತು ಬ್ಯಾಡ. ಕಣ್ಣಿಗೆ ಕಾಣಬೇಕು.”

ಬುಧವಾರ ನಿಯಂತ್ರಣ ಕೊಠಡಿ ಮದುವೆ ಮಂಟಪದಂತಾಗಿತ್ತು. ಚೆಂಡುಹೂವಿನ ಮಾಲೆ, ಮಂಡಳಿಯ ನಾಲ್ವರು, ಕ್ಯಾಮೆರಾ ಹಿಡಿದ ಇಬ್ಬರು. ಫೋಟೋಕ್ಕೆ ಚಂದ ಕಾಣಲಿ ಎಂದು ನಾಲ್ಕನೇ ತೊಟ್ಟಿಯ ಚಕ್ರವನ್ನು ಹಿಂದಿನ ಸಂಜೆಯೇ ಬಿಚ್ಚಿ, ತಿಕ್ಕಿ ಹೊಳೆಯಿಸಿ, ಕೆಂಪು ರಿಬ್ಬನ್ ಕಟ್ಟಿ ಮೇಜಿನ ಮೇಲಿಟ್ಟಿದ್ದರು. ನದಾಫ್ ಕಾಕಾ ಅದರ ಪಕ್ಕ ನಿಂತು ಯಾರನ್ನೂ ನೋಡದೆ ಮೀಸೆ ಕಚ್ಚುತ್ತಿದ್ದ.

ಸರದೇಸಾಯಿಯ ಭಾಷಣ ಮುಗಿದ ಮೇಲೆ ನಿರ್ದೇಶಕಿ ದಾಕ್ಷಾಯಣಿಯನ್ನು ಕರೆದರು. ಆಕೆ ಬರೆದು ತಂದದ್ದನ್ನು ಮಡಚಿ ಕೈಯಲ್ಲೇ ಇಟ್ಟುಕೊಂಡಳು.

“ಒಂದ ಮಾತು ಕೇಳತೇನಿ ಸರ. ಒಂದು ತಾಸು ‘ತಾಲೀಮು’ ಅನ್ನೂ ಹೆಸರನ್ನ ತಗದಿಡ್ರಿ. ಬಂದ ಆಜ್ಞಾ ನಮ್ಮದ ಇರಬೇಕು, ಇಲ್ಲಾ ದಾಳಿ ಇರಬೇಕು. ನಡಬರಕ ಇನ್ನೊಂದು ಬ್ಯಾಡ. ಸೊನ್ನೆ ಅಂದ್ರ ಸೊನ್ನೇನ ಉಳೀಲಿ, ನಾ ನಿಮ್ಮ ಮುಂದ ಕೈ ಮುಗದು ಮನಿಗೆ ಹೋಗತೇನಿ.”

ಸರದೇಸಾಯಿ ನಕ್ಕ. ಕೇಡಿನ ನಗೆಯಲ್ಲ, ಪರೀಕ್ಷೆಗೆ ಚೆನ್ನಾಗಿ ಓದಿದ ಹುಡುಗನ ನಗೆ. “ಅಷ್ಟೇ ಏನು? ಈಗ ತಗೀತೇನಿ,” ಎಂದು ಗುರುತಿಗಾಗಿ ತನ್ನ ಬೆರಳನ್ನು ಪರದೆಗೆ ಒತ್ತಿ ಆ ಹೆಸರನ್ನು ಅಳಿಸಿದ.

ಹನ್ನೊಂದು ಗಂಟೆ ಎಂಟು ನಿಮಿಷವಾಗಿತ್ತು. ಹನ್ನೆರಡು ತೊಟ್ಟಿಗಳ ಹನ್ನೆರಡು ಮೂವತ್ತೆರಡುಗಳು ಒಮ್ಮೆ ಮಿನುಗಿ ಹೋದವು. ಅವುಗಳ ಜಾಗದಲ್ಲಿ ನಿಜವಾದ ಅಂಕಿ ಬಂತು. ಮೂವತ್ತೇಳು ಪಾಯಿಂಟ್ ಒಂದು. ಮೂವತ್ತೇಳು ಪಾಯಿಂಟ್ ನಾಲ್ಕು. ಮೂವತ್ತಾರು ಪಾಯಿಂಟ್ ಒಂಬತ್ತು. ಹನ್ನೆರಡಕ್ಕೆ ಹನ್ನೆರಡೂ ಏರುತ್ತಿದ್ದವು. ಬೆಳಿಗ್ಗೆ ಹೂವಿನ ಮಾಲೆ ಕಟ್ಟುತ್ತಿದ್ದ ಹೊತ್ತಿನಿಂದಲೇ ಯಾರೋ ಎಲ್ಲ ತೊಟ್ಟಿಗಳಿಗೂ ಬಿಸಿನೀರು ಬಿಟ್ಟುಕೊಂಡು ಕೂತಿದ್ದರು. ಪರದೆಯ ತುಂಬ ಕೆಂಪು ಅಕ್ಷರ ಮೂಡಿತು: ದಾಳಿ. ಸರದೇಸಾಯಿ ಆಜ್ಞೆಯ ಮೇಲೆ ಆಜ್ಞೆ ಕೊಟ್ಟ, ಒಂದೂ ನಡೆಯಲಿಲ್ಲ. ಒಳಗೆ ಬಂದವರು ಬಾಗಿಲು ಹಾಕಿಕೊಂಡಿದ್ದರು.

ದಾಕ್ಷಾಯಣಿಗೆ ಆ ಕ್ಷಣ ಗೆದ್ದೆ ಎಂಬ ಭಾವನೆಯೇ ಬರಲಿಲ್ಲ.

“ಪರದೆ ಬಿಡ್ರಿ, ಚಕ್ರಕ್ಕ ನಡೀರಿ,” ಎಂದು ಕೂಗಿದಳು. “ಒಂದೊಂದು ತೊಟ್ಟಿಗೆ ಒಬ್ಬೊಬ್ರು. ಎಡಕ್ಕ ನಲವತ್ತು ಸುತ್ತು. ಬಿಸಿ ನಿಲ್ಲೂತನಕ ಕೈ ಬಿಡಬ್ಯಾಡ್ರಿ.”

ಪಾಳಿಯಲ್ಲಿದ್ದವರು ಎಂಟೇ ಜನ. ತೊಟ್ಟಿ ಹನ್ನೆರಡು. ನಿರ್ದೇಶಕಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಹತ್ತನೇ ತೊಟ್ಟಿಗೆ ನಡೆದರು. ಮಂಡಳಿಯ ಒಬ್ಬ ಹಿರಿಯರು, ಮಧುಮೇಹಿ, ಶಾಲು ಹೊದ್ದವರು, ಹನ್ನೊಂದಕ್ಕೆ ಹೋದರು. ಕ್ಯಾಮೆರಾದವನೊಬ್ಬ ಕ್ಯಾಮೆರಾ ನೆಲಕ್ಕಿಟ್ಟು ಹನ್ನೆರಡಕ್ಕೆ ಓಡಿದ. ಒಂಬತ್ತನೆಯದರ ಬಳಿ ಸರದೇಸಾಯಿ ಕೋಟು ಬಿಸಾಕಿ ಚಕ್ರ ಹಿಡಿದಿದ್ದ, ಮುಖ ಬಿಳಚಿಕೊಂಡಿತ್ತು.

“ಅದು ಬಲಕ್ಕ ಆತ್ರೀ ಸರ,” ದಾಕ್ಷಾಯಣಿ ಎಂಟನೆಯದನ್ನು ತಿರುವುತ್ತಲೇ ಹೇಳಿದಳು. “ಎಡಕ್ಕ. ನಿಮ್ಮ ಗಡಿಯಾರ ಕಟ್ಟಿದ ಕೈ ಕಡೆ.”

“ಭಾಳ ಬಿಗಿ ಅದರೀ.”

“ಮೊದಲ ಹತ್ತು ಸುತ್ತು ಬಿಗಿ. ಆಮ್ಯಾಲೆ ಬರತೈತಿ.”

ಬಂತು. ಅಂಗೈ ಚರ್ಮ ಸುಲಿದುಕೊಂಡೇ ಬಂತು. ಕೊಳವೆಗಳ ಗುರುಗುರು ಒಂದೊಂದಾಗಿ ಅಡಗಿತು.

ನಾಲ್ಕನೆಯದರ ಬಳಿ ಮಾತ್ರ ನದಾಫ್ ಕಾಕಾ ಒದ್ದಾಡುತ್ತಿದ್ದ. ರಿಬ್ಬನ್ ಕಟ್ಟಿದ ಚಕ್ರವನ್ನು ಅರವತ್ತಮೂರರ ವಯಸ್ಸಿನಲ್ಲಿ ಹೆಗಲ ಮೇಲೆ ಹೊತ್ತು ಓಡಿ ತಂದಿದ್ದ. ಆದರೆ ಅದನ್ನು ದಂಡಕ್ಕೆ ಕೂಡಿಸುವ ಬೋಲ್ಟು ಬಿಚ್ಚಿದವನ ಜೇಬಿನಲ್ಲೇ ಊರು ಸೇರಿತ್ತು. ಬೋಲ್ಟು ಬಿಗಿಯುವ ಪಾನಾ ಹಚ್ಚಿ, ಜಾರಿ, ಮತ್ತೆ ಹಚ್ಚಿ ಬರಿಯ ದಂಡವನ್ನೇ ಇಂಚಿಂಚಾಗಿ ತಿರುವಿದ. ತಮ್ಮ ತೊಟ್ಟಿ ಮುಗಿಸಿದವರು ಬಂದು ಅವನ ಕೈಗೆ ಕೈ ಸೇರಿಸಿದರು. ಅದು ಮುಚ್ಚುವ ಹೊತ್ತಿಗೆ ನಲವತ್ತು ನಿಮಿಷ ಕಳೆದಿತ್ತು. ನಾಲ್ಕನೇ ತೊಟ್ಟಿಯ ಹಸಿರು ಹಾಸಿಗೆ ಬೂದಿ ಬಣ್ಣಕ್ಕೆ ತಿರುಗಿ ಮೇಲೆ ತೇಲಿತು. ನದಾಫ್ ಕಾಕಾ ತೊಟ್ಟಿಯ ಅಂಚಿನಲ್ಲಿ ಕೂತು ಅತ್ತುಬಿಟ್ಟ.

ಉಳಿದ ಹನ್ನೊಂದು ಉಳಿದವು. ಅಷ್ಟರಲ್ಲಿ ಸರದೇಸಾಯಿ ಕೊಠಡಿಗೆ ಓಡಿ ಹೊರಗಿನ ಜಾಲಕ್ಕೆ ಸೇರಿದ ತಂತಿಗಳನ್ನೆಲ್ಲ ಕೈಯಾರೆ ಕಿತ್ತಿದ್ದ. ದಾಳಿ ಅಲ್ಲಿಗೆ ನಿಂತಿತು.

ಸಂಜೆ ಐದಕ್ಕೆ ಎಲ್ಲರೂ ಮೇಜಿನ ಸುತ್ತ ಕೂತರು, ಕೈಗಳಿಗೆ ಬಟ್ಟೆ ಸುತ್ತಿಕೊಂಡು. ಊರಿಗೆ ಏನು ಹೇಳುವುದು ಎಂಬ ಪ್ರಶ್ನೆ ಎದ್ದಿತು. ಆ ಕಾಲದಲ್ಲಿ ಮನೆಮನೆಯ ನೀರಿನ ಮೀಟರಿನಲ್ಲೂ ಒಂದು ಸಣ್ಣ ಧ್ವನಿಪೆಟ್ಟಿಗೆ ಇರುತ್ತಿತ್ತು, ಕಾರ್ಖಾನೆ ಹೇಳಿದ್ದು ಎಲ್ಲ ಅಡುಗೆಮನೆಗೂ ಮುಟ್ಟುತ್ತಿತ್ತು. ಚಕ್ರದ ಹತ್ತಿರವೂ ಸುಳಿಯದಿದ್ದ ಮಂಡಳಿಯ ಸದಸ್ಯರೊಬ್ಬರು ಗಂಟಲು ಸರಿಮಾಡಿಕೊಂಡರು. “ಅಂಜಸೂದು ಯಾಕ? ಇವತ್ತು ಒಂದು ದೊಡ್ಡ ತಾಲೀಮು ನಡೀತು, ಯಶಸ್ವಿ ಆತು ಅಂದ್ರ ಸಾಕಲ್ಲ?”

ಉತ್ತರ ಕೊಟ್ಟವನು ಸರದೇಸಾಯಿ.

“ಬ್ಯಾಡ್ರಿ,” ಎಂದ. ದನಿ ಒಡೆದಿತ್ತು. “ಆ ಶಬ್ದ ಇನ್ನ ಬ್ಯಾಡ್ರಿ. ಸೊನ್ನೆ ನೋಡಿ ನೋಡಿ ನಾ ಒಳಗ ಏನದ ಅಂತ ಒಂದ ದಿನಾ ತಗದು ನೋಡಲಿಲ್ಲ. ಮೇಡಂ ಹೇಳಲಿ, ಇದ್ದದ್ದ ಇದ್ದಂಗ.”

ನಿರ್ದೇಶಕಿ ಮೈಕನ್ನು ದಾಕ್ಷಾಯಣಿಯ ಕಡೆ ಸರಿಸಿದರು. ಜನ ಹೆದರಿ ನೀರೇ ಮುಟ್ಟದಿದ್ದರೆ? ಖಾನಾವಳಿ, ಆಸ್ಪತ್ರೆ, ಶಾಲೆ ಎಲ್ಲ ನಿಂತರೆ? ಉಳಿಸಿದ ಹನ್ನೊಂದು ತೊಟ್ಟಿ ಯಾರಿಗೆ ಬೇಕು? ನಾಲ್ಕು ಸಲ ಪರೀಕ್ಷಿಸಿದ ನೀರಿನ ವರದಿ ಕೈಯಲ್ಲಿತ್ತು. ಮೈಕಿನ ಗುಂಡಿ ಒತ್ತಿದಳು.

“ನಮಸ್ಕಾರ. ನಾನು ನೀರಿನ ಕಾರ್ಖಾನಿ ದಾಕ್ಷಾಯಣಿ ಮುಗಳಿ. ಇವತ್ತು ನಮ್ಮ ಮ್ಯಾಲೆ ದಾಳಿ ಆತು. ಇದು ಮೊದಲನೇದ್ದಲ್ಲ. ಹದಿನಾಲ್ಕು ತಿಂಗಳಿಂದ ಆಗಾಕತ್ತಿತ್ತು, ನಾವು ಇಲ್ಲ ಅಂತ ಹೇಳಕೋತ ಬಂದ್ವಿ. ಹಂಗ ಹೇಳಿದವರೊಳಗ ನಾನೂ ಒಬ್ಬಾಕಿ. ಒಂದು ತೊಟ್ಟಿ ಸತ್ತೈತಿ, ಎಂಟು ತಿಂಗಳು ಮುಂಜಾನೆ ನೀರು ಸ್ವಲ್ಪ ಸಣ್ಣಗ ಬರತೈತಿ. ಹನ್ನೊಂದು ತೊಟ್ಟಿ ನಮ್ಮ ಮಂದಿ ಕೈಲೆ ತಿರುವಿ ಉಳಿಸ್ಯಾರ. ಈಗ ನಿಮ್ಮ ನಳದಾಗ ಬರೂ ನೀರು ಛಲೋ ಐತಿ. ನಾಲ್ಕು ಸಲ ನೋಡೇನಿ. ನಾನೂ ಇದನ್ನ ಕುಡೀತೇನಿ.”

ಮೈಕು ಬಂದ್ ಮಾಡಿ ಊರಿಗೆ ಹೋಗುವ ನೀರಿನ ಅಂಕಿಯ ಕಡೆ ತಿರುಗಿದಳು. ಎಲ್ಲರೂ ತಿರುಗಿದರು. ಸಂಜೆಯ ಆ ಹೊತ್ತಿಗೆ ಸೆಕೆಂಡಿಗೆ ಒಂಬೈನೂರು ಲೀಟರು ಹರಿಯಬೇಕು. ಅಂಕಿ ಏಳು ನೂರಕ್ಕೆ ಇಳಿಯಿತು. ನಾಲ್ಕು ನೂರು. ನೂರ ಐವತ್ತು. ಬನಶೆಟ್ಟಿಹಾಳದ ಜನ ನಳ ಮುಚ್ಚಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು ಎಂದು ಬೇರೆ ಹೇಳಬೇಕಿರಲಿಲ್ಲ. ಎಂಬತ್ತು. ಮಂಡಳಿಯ ಸದಸ್ಯರು ‘ನಾ ಮೊದಲ ಹೇಳಿದ್ದೆ’ ಎನ್ನುವಂತೆ ಕುರ್ಚಿಗೆ ಒರಗಿದರು. ದಾಕ್ಷಾಯಣಿ ಬಟ್ಟೆ ಸುತ್ತಿದ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಕೂತಳು. ಅಳು ಬಂದರೂ ನುಂಗಿದಳು.

ನಾಲ್ಕು ನಿಮಿಷ ಹಾಗೇ ಹೋಯಿತು. ಆಮೇಲೆ ಎಂಬತ್ತು ನೂರಾಯಿತು. ಮತ್ತೆ ನೂರ ಅರವತ್ತು. ಮೊದಲು ಯಾವ ಮನೆಯಲ್ಲಿ ಯಾವ ತಾಯಿ ನಳಕ್ಕೆ ಲೋಟ ಹಿಡಿದಳೋ ಯಾರಿಗೆ ಗೊತ್ತು. ಮುನ್ನೂರು. ಐನೂರ ಇಪ್ಪತ್ತು. ಓಣಿ ಓಣಿಯಲ್ಲಿ ನಳಗಳು ತೆರೆದುಕೊಳ್ಳುತ್ತಿದ್ದುದು ಆ ಒಂದು ಅಂಕಿಯಲ್ಲೇ ಕಾಣುತ್ತಿತ್ತು. ಒಂಬೈನೂರು ದಾಟಿತು, ಸಾವಿರ ದಾಟಿತು. ಅಷ್ಟು ನೀರನ್ನು ಊರು ಹದಿನಾಲ್ಕು ತಿಂಗಳಲ್ಲಿ ಒಂದು ಸಂಜೆಯೂ ಕೇಳಿರಲಿಲ್ಲ.

ನದಾಫ್ ಕಾಕಾ ಕಣ್ಣೊರೆಸಿಕೊಂಡು ಎದ್ದು ನಿಂತ. “ಅಕ್ಕಾರ, ಇನ್ನೊಂದು ಪಂಪ್ ಹಚ್ಚಬೇಕಾಗತೈತಿ. ಮಂದಿ ಬಿಡವಲ್ರು.”

“ಹಚ್ಚರಿ ಕಾಕಾ,” ಎಂದಳು ದಾಕ್ಷಾಯಣಿ. ಈಗ ಅಳುವನ್ನು ತಡೆಯಲು ಹೋಗಲಿಲ್ಲ. ಅಳುತ್ತಲೇ ನಕ್ಕಳು, ನಗುತ್ತಲೇ ಎದ್ದು ಪಂಪಿನ ಕೊಠಡಿಯ ಕಡೆ ಅವನ ಜೊತೆ ನಡೆದಳು.